ಇಲ್ಲದ ಲೋಕಕ್ಕೊಂದು ಗ್ಲೋಬ್: ಕೈಯಾರೆ ಬಣ್ಣ ಹಚ್ಚುವುದು ಹೇಗೆ?

ಕಥೆ ಬರೆಯುವವರು, ಗೆಳೆಯರ ಜೊತೆ ಕೂತು ಆಡಲು ಸಾಹಸದ ಆಟ ಕಟ್ಟುವವರು, ಸುಮ್ನೆ ಖುಷಿಗೆ ಹೊಸ ಲೋಕವೊಂದನ್ನು ಕಲ್ಪಿಸಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರ ಹತ್ತಿರ ಒಂದು ಮ್ಯಾಪ್ ಇದ್ದೇ ಇರುತ್ತದೆ. ನೋಟ್‌ಬುಕ್ಕಿನ ನಡು ಹಾಳೆಯಲ್ಲಿ ಎರಡು ಖಂಡ, ಒಂದು ಬೆಟ್ಟಸಾಲು, ನಾಲ್ಕಾರು ರಾಜ್ಯ. ಒಂದು ದಿನ ಅನ್ನಿಸುತ್ತದೆ: ಇದನ್ನೇ ಗ್ಲೋಬ್ ಮಾಡಿದರೆ? ಮೇಜಿನ ಮೇಲಿಟ್ಟು ತಿರುಗಿಸುವಂತಿದ್ದರೆ?

ಬ್ರಷ್ ಹಿಡಿಯುವ ಮೊದಲೇ ಒಂದು ಪ್ರಶ್ನೆ ಎದುರಾಗುತ್ತದೆ. ಮ್ಯಾಪಿನ ಬಲ ಅಂಚಿನ ಆಚೆ ಏನಿದೆ? ಕಾಗದದಲ್ಲಾದರೆ ನೀಲಿ ಬಳಿದು ಕೈಬಿಟ್ಟರೆ ನಡೆಯುತ್ತಿತ್ತು. ಚೆಂಡಿಗೆ ಅಂಚೇ ಇಲ್ಲ. ಬಲಕ್ಕೆ ಹೊರಟ ಹಡಗು ಸುತ್ತಿಕೊಂಡು ಎಡಗಡೆಯಿಂದ ಬಂದು ಸೇರಲೇಬೇಕು. ಹಾಗಾಗಿ ಗ್ಲೋಬ್ ಮಾಡಲು ಹೊರಟವರು ತಮ್ಮ ಲೋಕವನ್ನು ಪೂರ್ತಿ ಯೋಚಿಸಬೇಕಾಗುತ್ತದೆ. ಈ ಕೆಲಸದ ಕಷ್ಟವೂ ಅದೇ, ಸೊಗಸೂ ಅದೇ.

## ಕಾಣದ ನೆಲವನ್ನು ಬರೆದವರು

ಇದೇನೂ ಹೊಸ ಹುಚ್ಚಲ್ಲ. ಇವತ್ತಿಗೂ ಉಳಿದಿರುವ ಅತ್ಯಂತ ಹಳೆಯ ಭೂಮಿಯ ಗ್ಲೋಬ್ ತಯಾರಾದದ್ದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ, 1490ರಿಂದ 1492ರ ನಡುವೆ. ಅದರ ಹಿಂದಿದ್ದವನು ಮಾರ್ಟಿನ್ ಬೆಹೈಮ್. ಕೊಲಂಬಸ್ ಇನ್ನೂ ತನ್ನ ಪ್ರಯಾಣದಿಂದ ವಾಪಸ್ ಬಂದಿರಲಿಲ್ಲ. ಹಾಗಾಗಿ ಆ ಗ್ಲೋಬಿನಲ್ಲಿ ಅಮೆರಿಕ ಇಲ್ಲ. ಯುರೋಪಿನಿಂದ ಪಶ್ಚಿಮಕ್ಕೆ ಹೊರಟರೆ ಸಮುದ್ರ ದಾಟಿ ಸೀದಾ ಏಷ್ಯಾ. ನಡುವಿನ ಖಾಲಿಯಲ್ಲಿ ಒಂದಿಷ್ಟು ದ್ವೀಪಗಳಿವೆ. ಅದರಲ್ಲೊಂದು ಸಂತ ಬ್ರೆಂಡನ್‌ನ ದ್ವೀಪ. ಅದು ಇದ್ದದ್ದು ದಂತಕಥೆಯಲ್ಲಿ ಮಾತ್ರ. ಯಾರೂ ನೋಡಿರದ ಆ ಭಾಗವನ್ನು ಏನಾದರೂ ಹಾಕಿ ತುಂಬಲೇಬೇಕಿತ್ತು, ತುಂಬಿದ್ದಾರೆ.

ಇನ್ನೊಬ್ಬರ ಕೆಲಸ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಡೆನ್ಮಾರ್ಕಿನ ಇಂಗೆಬೋರ್ಗ್ ಬ್ರೂನ್ ಎಂಬಾಕೆ 1909ರ ಹೊತ್ತಿಗೆ ಮಂಗಳ ಗ್ರಹದ ಗ್ಲೋಬ್‌ಗಳನ್ನು ಕೈಯಲ್ಲೇ ಬರೆದರು. ಅಮೆರಿಕದ ಪರ್ಸಿವಲ್ ಲೋವೆಲ್ ದೂರದರ್ಶಕದಲ್ಲಿ ನೋಡಿ ಬರೆದ ಮ್ಯಾಪ್‌ಗಳು ಅವರಿಗೆ ಆಧಾರ. ಮಂಗಳದ ತುಂಬ ನೇರವಾದ ಕಾಲುವೆಗಳಿವೆ ಎಂದು ಲೋವೆಲ್ ನಂಬಿದ್ದರು. ಬ್ರೂನ್ ಆ ಕಾಲುವೆಗಳನ್ನೆಲ್ಲ ಚೆಂಡಿನ ಮೇಲೆ ಎಳೆದರು. 1965ರಲ್ಲಿ ಮ್ಯಾರಿನರ್ 4 ನೌಕೆ ಹತ್ತಿರದಿಂದ ಫೋಟೊ ತೆಗೆದಾಗ ಒಂದು ಕಾಲುವೆಯೂ ಕಾಣಲಿಲ್ಲ. ಕಂಡದ್ದು ಕುಳಿಗಳು. ಆದರೂ ಆ ಗ್ಲೋಬ್‌ಗಳನ್ನು ನೋಡಿದರೆ ಅಂಥದೊಂದು ಲೋಕ ಎಲ್ಲೋ ಇದೆ ಎಂದೇ ಅನ್ನಿಸುತ್ತದೆ. ಗೆರೆಗಳು ಎಲ್ಲೂ ಕಡಿಯದೆ ಸುತ್ತಿ ಬರುತ್ತವೆ. ನಂಬಿಕೆ ಹುಟ್ಟುವುದು ಅಲ್ಲಿಂದ.

## ಚಪ್ಪಟೆ ಮ್ಯಾಪ್ ಚೆಂಡಿಗೆ ಯಾಕೆ ಕೂರುವುದಿಲ್ಲ?

ಚೆಂಡೊಂದನ್ನು ಗಿಫ್ಟ್ ಪೇಪರಿನಲ್ಲಿ ಸುತ್ತಿ ನೋಡಿ. ನಡುವೆ ಕಾಗದ ಚೆನ್ನಾಗಿ ಕೂರುತ್ತದೆ. ಮೇಲಕ್ಕೂ ಕೆಳಕ್ಕೂ ಹೋದಂತೆ ಬರೀ ಸುಕ್ಕು, ಮಡಿಕೆ. ಅಲ್ಲಿ ಚೆಂಡಿನ ಸುತ್ತಳತೆ ಕಡಿಮೆಯಾಗುತ್ತಾ ಬರುತ್ತದೆ, ಕಾಗದ ಮಾತ್ರ ಅಷ್ಟೇ ಅಗಲ ಇರುತ್ತದೆ. ಮ್ಯಾಪಿಗೂ ಆಗುವುದು ಇದೇ. ಅದರ ಮೇಲಂಚಿನ ಉದ್ದ ಗೆರೆ ಪೂರ್ತಿ ಚೆಂಡಿನ ಮೇಲೆ ಒಂದೇ ಒಂದು ಚುಕ್ಕೆಯಾಗುತ್ತದೆ. ಅದೇ ಉತ್ತರ ಧ್ರುವ.

ಶಾಲೆಯಲ್ಲಿ ಓದಿದ ಎರಡು ಮಾತುಗಳನ್ನು ಇಲ್ಲಿ ನೆನಪು ಮಾಡಿಕೊಳ್ಳೋಣ. ಎರಡು ಧ್ರುವಗಳಿಗೂ ಸಮ ದೂರದಲ್ಲಿ ಚೆಂಡಿನ ನಡುವೆ ಸುತ್ತುವ ಗೆರೆ ಸಮಭಾಜಕ ವೃತ್ತ. ಅದರಿಂದ ಮೇಲಕ್ಕೋ ಕೆಳಕ್ಕೋ ಎಷ್ಟು ದೂರ ಇದ್ದೇವೆ ಎಂದು ಹೇಳುವುದು ಅಕ್ಷಾಂಶ. ಸಮಭಾಜಕದಲ್ಲಿ ಅದು 0 ಡಿಗ್ರಿ, ಧ್ರುವದಲ್ಲಿ 90. ಧ್ರುವದಿಂದ ಧ್ರುವಕ್ಕೆ ಉದ್ದಕ್ಕೆ ಎಳೆದ ಗೆರೆಗಳು ರೇಖಾಂಶ. ಎರಡು ರೇಖಾಂಶಗಳ ನಡುವಿನ ಅಂತರ ಸಮಭಾಜಕದಲ್ಲಿ ಎಷ್ಟಿದೆಯೋ, 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ ಮಾತ್ರ. 80 ಡಿಗ್ರಿಯಲ್ಲಿ ಸುಮಾರು ಆರನೇ ಒಂದು ಭಾಗ.

ಅಂದರೆ, ಕಾಗದದ ಮೇಲ್ಭಾಗದಲ್ಲಿ ನೀವು ಬರೆದ ಆ ವಿಶಾಲವಾದ ಹಿಮದ ಸಾಮ್ರಾಜ್ಯ ಚೆಂಡಿಗೆ ಬಂದಾಗ ಸಣ್ಣ ದ್ವೀಪವಾಗಬಹುದು. ನಮ್ಮ ಭೂಮಿಯ ಮ್ಯಾಪಿನಲ್ಲೂ ಈ ಮೋಸ ಇದೆ. 1569ರಲ್ಲಿ ಮರ್ಕೇಟರ್ ರೂಪಿಸಿದ ಮಾದರಿಯಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದರ 14 ಪಟ್ಟು ದೊಡ್ಡದು.

ಅಚ್ಚು ಹಾಕಿದ ಗ್ಲೋಬ್ ಮಾಡುವವರು ಇದಕ್ಕೊಂದು ದಾರಿ ಕಂಡುಕೊಂಡರು. ಮ್ಯಾಪನ್ನು ನಡುವೆ ಅಗಲವಾಗಿ, ಎರಡೂ ತುದಿ ಚೂಪಾಗಿ ಇರುವ ಪಟ್ಟಿಗಳಾಗಿ ಕತ್ತರಿಸಿ ಅಂಟಿಸಿದರು. ಈ ಪಟ್ಟಿಗಳಿಗೆ ಗೋರ್ ಎನ್ನುತ್ತಾರೆ. 1507ರಲ್ಲಿ ಮಾರ್ಟಿನ್ ವಾಲ್ಡ್‌ಸೇಮ್ಯುಲರ್ ಅಚ್ಚು ಹಾಕಿಸಿದ ಸಣ್ಣ ಗ್ಲೋಬಿನ ಹಾಳೆಯಲ್ಲಿ ಇಂಥ 12 ಗೋರ್‌ಗಳಿವೆ. ಅದೇ ಗ್ಲೋಬನ್ನು ನೂರಾರು ಪ್ರತಿ ಮಾಡಬೇಕಾದಾಗ ಇದು ಸರಿಯಾದ ದಾರಿ. ಮಾಡುವುದು ಒಂದೇ ಒಂದು ಎಂದಾದರೆ ಪಟ್ಟಿಗಳ ಉಸಾಬರಿ ಬೇಡ. ಸೀದಾ ಚೆಂಡಿನ ಮೇಲೆ ಪೆನ್ಸಿಲ್ ಆಡಿಸುವುದೇ ವಾಸಿ. ಕಣ್ಣೆದುರಿಗೇ ಖಂಡದ ಆಕಾರ ಚೆಂಡಿನ ತಿರುವಿಗೆ ಹೊಂದಿಕೊಳ್ಳುತ್ತದೆ, ಎಲ್ಲಿಯೂ ಜೋಡಿಸಿದ ಗುರುತು ಉಳಿಯುವುದಿಲ್ಲ.

## ಯಾವ ಚೆಂಡು?

ಗುಂಡಗಿರಬೇಕು, ಹಗುರ ಇರಬೇಕು, ಬಣ್ಣ ಹಿಡಿಯಬೇಕು. ಬಲೂನಿನ ಮೇಲೆ ಕಾಗದ ಅಂಟಿಸಿ ಮಾಡಿದ ಚೆಂಡು ನೋಡಲು ಚೆಂದ, ಆದರೆ ಬಲೂನು ಸಾಮಾನ್ಯವಾಗಿ ಪೂರ್ತಿ ಗುಂಡಗಿರುವುದಿಲ್ಲ. ತಿರುಗಿಸಿದಾಗ ಓಲಾಡುತ್ತದೆ. ಥರ್ಮಾಕೋಲ್ ಚೆಂಡು ಗುಂಡಗಿರುತ್ತದೆ, ಮೈ ಮಾತ್ರ ಕಾಳುಕಾಳು. ಹಳೆಯ ಶಾಲಾ ಗ್ಲೋಬ್ ಸಿಕ್ಕರೆ ಅದರಷ್ಟು ಸುಲಭ ಇನ್ನೊಂದಿಲ್ಲ. ಧ್ರುವಗಳು, ಕಡ್ಡಿ, ಸ್ಟ್ಯಾಂಡ್ ಎಲ್ಲ ಮೊದಲೇ ಇರುತ್ತವೆ.

ಯಾವುದೇ ಆದರೂ ಮೊದಲು ಪ್ರೈಮರ್ ಬಳಿಯಬೇಕು. ಬಣ್ಣ ಕಚ್ಚಿಕೊಳ್ಳಲು ಬೇಕಾದ ಬಿಳಿಯ ಅಡಿಪದರ ಅದು. ನೀರಿನಲ್ಲಿ ಕಲಸುವ ಜೆಸ್ಸೊ ಸಾಕು. ಹಳೆ ಗ್ಲೋಬಾದರೆ ಮೇಲಿನ ಹೊಳಪು ಹೋಗುವಷ್ಟು ಮರಳು ಕಾಗದದಲ್ಲಿ ಉಜ್ಜಿ, ಒರೆಸಿ, ಆಮೇಲೆ ಬಳಿಯಿರಿ. ಥರ್ಮಾಕೋಲ್ ಆದರೆ ಮೊದಲು ಟಿಶ್ಯೂ ಕಾಗದವನ್ನು ಅಂಟಿನಲ್ಲಿ ಅದ್ದಿ ಮುಚ್ಚಿ, ಇಲ್ಲವೇ ತೆಳುವಾಗಿ ಪುಟ್ಟಿ ಹಚ್ಚಿ ಕಾಳುಗಳನ್ನು ಮರೆಮಾಡಿ. ಒಂದು ಎಚ್ಚರಿಕೆ: ಸಾಲ್ವೆಂಟ್ (ಬಣ್ಣ ಕರಗಿಸುವ ರಾಸಾಯನಿಕ ದ್ರವ) ಇರುವ ಸ್ಪ್ರೇ ಬಣ್ಣ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಮೇಲೆ ಮುಚ್ಚಿದ್ದರೂ ಕಡ್ಡಿ ತೂರುವ ತೂತಿನ ಹತ್ತಿರ ಬರಿಮೈ ಉಳಿದಿದ್ದರೆ ಅಲ್ಲಿಂದ ಶುರುವಾಗುತ್ತದೆ.

ಪ್ರೈಮರನ್ನು ಒಂದೇ ಸಲ ದಪ್ಪಗೆ ಬಳಿಯುವ ಬದಲು ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ನಡುನಡುವೆ ನಯವಾದ ಮರಳು ಕಾಗದದಲ್ಲಿ ಸವರಿ. ಕಣ್ಣಿಗಿಂತ ಅಂಗೈ ಇಲ್ಲಿ ಚುರುಕು. ಚೆಂಡಿನ ಮೇಲೆ ಸುಮ್ನೆ ಕೈಯಾಡಿಸಿದರೆ ಉಬ್ಬು ತಗ್ಗು ಗೊತ್ತಾಗುತ್ತದೆ.

## ಗೆರೆ ಎಳೆಯಲು ಒಂದು ಕಾಗದದ ಪಟ್ಟಿ ಸಾಕು

ಖಾಲಿ ಬಿಳಿ ಚೆಂಡು ಕೈಗೆ ಬಂದಾಗ ಹೆಚ್ಚಿನವರು ದಿಕ್ಕು ತಪ್ಪುತ್ತಾರೆ. ಯಾವುದು ಮೇಲೆ, ಯಾವುದು ನಡು? ಸ್ಕೇಲ್ ಇಡಲು ನೇರ ಜಾಗವೇ ಇಲ್ಲ. ಇದಕ್ಕೆ ಗಣಿತ ಗೊತ್ತಿರಬೇಕೆಂದೇನೂ ಇಲ್ಲ. ಬೆರಳಿಗಿಂತ ತೆಳುವಾದ ಉದ್ದನೆಯ ಕಾಗದದ ಪಟ್ಟಿ ಇದ್ದರೆ ಆಯಿತು.

ಪಟ್ಟಿಯನ್ನು ಚೆಂಡಿನ ಅತಿ ಅಗಲದ ಜಾಗದಲ್ಲಿ ಒಂದು ಸುತ್ತು ಸುತ್ತಿ, ತುದಿ ತಾಗುವಲ್ಲಿ ಕತ್ತರಿಸಿ. ಅದು ಚೆಂಡಿನ ಪೂರ್ತಿ ಸುತ್ತಳತೆ. 30 ಸೆಂ.ಮೀ. ಅಡ್ಡಳತೆಯ ಚೆಂಡಾದರೆ ಸುಮಾರು 94 ಸೆಂ.ಮೀ. ಬರುತ್ತದೆ. ಪಟ್ಟಿಯನ್ನು ಅರ್ಧಕ್ಕೆ ಮಡಚಿ ಗುರುತು ಮಾಡಿ. ಚೆಂಡಿನ ಮೇಲೆ ಒಂದು ಚುಕ್ಕೆ ಇಟ್ಟು ಅದನ್ನೇ ಉತ್ತರ ಧ್ರುವ ಎಂದುಕೊಳ್ಳಿ. ಅಲ್ಲಿಂದ ಪಟ್ಟಿ ಸುತ್ತಿದರೆ ಅರ್ಧದ ಗುರುತು ಬರುವಲ್ಲಿ ದಕ್ಷಿಣ ಧ್ರುವ. ಇನ್ನೊಂದು ದಿಕ್ಕಿನಲ್ಲೂ ಸುತ್ತಿ, ಎರಡು ಸಲವೂ ಒಂದೇ ಜಾಗ ಬಂತಾ ನೋಡಿಕೊಳ್ಳಿ.

ಈಗ ಅಷ್ಟೇ ಉದ್ದದ ಇನ್ನೊಂದು ಪಟ್ಟಿಯನ್ನು ನಾಲ್ಕಾಗಿ ಮಡಚಿ, ಒಂದು ಕಾಲುಭಾಗ ಕತ್ತರಿಸಿಕೊಳ್ಳಿ. ಅದರ ಒಂದು ತುದಿಯನ್ನು ಗುಂಡುಪಿನ್ನಿನಿಂದ ಧ್ರುವಕ್ಕೆ ಚುಚ್ಚಿ. ಗಟ್ಟಿ ಚೆಂಡಾದರೆ ಬೆರಳಲ್ಲಿ ಒತ್ತಿ ಹಿಡಿದರೂ ಸರಿ. ಇನ್ನೊಂದು ತುದಿಗೆ ಪೆನ್ಸಿಲ್ ತಾಗಿಸಿ ಸುತ್ತಲೂ ತಿರುಗಿಸಿದರೆ ಸಮಭಾಜಕ ವೃತ್ತ ಸಿದ್ಧ. ಅದೇ ಕಾಲುಪಟ್ಟಿಯನ್ನು ಮೂರು ಸಮಭಾಗ ಮಾಡಿ. ಧ್ರುವದಿಂದ ಮೊದಲ ಗುರುತಿನಲ್ಲಿ ತಿರುಗಿಸಿದರೆ 60 ಡಿಗ್ರಿ ಅಕ್ಷಾಂಶ, ಎರಡನೆಯದರಲ್ಲಿ 30 ಡಿಗ್ರಿ. ಕೆಳಗಿನ ಧ್ರುವದಿಂದಲೂ ಹೀಗೇ ಮಾಡಿ. ಇನ್ನು ಪೂರ್ತಿ ಉದ್ದದ ಪಟ್ಟಿಯನ್ನು 12 ಭಾಗ ಮಾಡಿ ಸಮಭಾಜಕದ ಮೇಲೆ ಸುತ್ತಿ ಗುರುತು ಹಾಕಿ. ಪ್ರತಿ ಗುರುತಿನಿಂದ ಧ್ರುವಕ್ಕೆ ಗೆರೆ ಎಳೆದರೆ 30 ಡಿಗ್ರಿಗೊಂದರಂತೆ ರೇಖಾಂಶಗಳು ಬರುತ್ತವೆ.

ನಿಮ್ಮ ಹಳೆಯ ಮ್ಯಾಪಿನ ಮೇಲೂ ಇಷ್ಟೇ ಚೌಕಗಳನ್ನು ಹಾಕಿಕೊಳ್ಳಿ. ಒಂದೊಂದು ಚೌಕದಲ್ಲಿರುವ ಕರಾವಳಿಯನ್ನು ಚೆಂಡಿನ ಮೇಲಿನ ಅದೇ ಚೌಕಕ್ಕೆ ನೋಡಿಕೊಂಡು ಬರೆಯಿರಿ. ಧ್ರುವದ ಹತ್ತಿರದ ಚೌಕಗಳು ಚೂಪಾಗಿ ತ್ರಿಕೋನವಾಗಿರುತ್ತವೆ. ಅಲ್ಲಿ ಮ್ಯಾಪನ್ನು ಪಕ್ಕಕ್ಕಿಟ್ಟು ಹೊಸದಾಗಿ ಯೋಚಿಸಿ. ಚೆಂಡನ್ನು ಧ್ರುವದ ಮೇಲಿನಿಂದ ನೋಡುತ್ತಾ ಬರೆದರೆ ಮಾತ್ರ ಅಲ್ಲಿನ ನೆಲಕ್ಕೆ ಸರಿಯಾದ ಆಕಾರ ಬರುತ್ತದೆ.

## ಅಳತೆಯ ಅಂದಾಜು

ನಿಮ್ಮ ಲೋಕ ಭೂಮಿಯಷ್ಟೇ ದೊಡ್ಡದು ಎಂದಿಟ್ಟುಕೊಳ್ಳಿ. 30 ಸೆಂ.ಮೀ. ಗ್ಲೋಬಿನ ಮೇಲೆ 1 ಸೆಂ.ಮೀ. ಎಂದರೆ ಸುಮಾರು 425 ಕಿ.ಮೀ. ಅರ್ಧ ಮಿಲಿಮೀಟರ್ ದಪ್ಪದ ನದಿಯ ಗೆರೆ ನಿಜದಲ್ಲಿ 20 ಕಿ.ಮೀ. ಅಗಲ! ಎವರೆಸ್ಟ್ ಶಿಖರವನ್ನು ಸರಿಯಾದ ಅಳತೆಯಲ್ಲಿ ಎತ್ತರಿಸಿದರೆ 0.2 ಮಿ.ಮೀ. ಬರುತ್ತದೆ. ಬಣ್ಣದ ಒಂದೆರಡು ದಪ್ಪ ಪದರದಷ್ಟು ಅಷ್ಟೇ.

ಹಾಗಾಗಿ ಪುಟ್ಟಿ ಮೆತ್ತಿ ಬೆಟ್ಟ ಎಬ್ಬಿಸುವುದು ಅಲಂಕಾರದ ಮಾತು. ಮಾಡಬಾರದೆಂದಲ್ಲ. ಬೆಟ್ಟಗಳನ್ನು ಬಣ್ಣದಲ್ಲೇ ಎಬ್ಬಿಸಿದರೆ ಗ್ಲೋಬ್ ಇನ್ನೂ ದೊಡ್ಡ ಲೋಕದಂತೆ ಕಾಣುತ್ತದೆ ಎಂಬುದು ನನ್ನ ಅನಿಸಿಕೆ.

## ಮರುಭೂಮಿ ಎಲ್ಲಿ, ಕಾಡು ಎಲ್ಲಿ?

ಬಣ್ಣ ಹಚ್ಚುವಾಗ ಕೈ ತಡೆಯುವುದು ಇಲ್ಲೇ. ಖಂಡದ ಗೆರೆ ಸಿದ್ಧವಾಗಿದೆ, ಒಳಗೆ ಹಸಿರೋ ಹಳದಿಯೋ? ಊಹೆಗೆ ಬಿಟ್ಟರೆ ಬಣ್ಣಗಳು ಚೆಲ್ಲಾಪಿಲ್ಲಿ ಕಾಣುತ್ತವೆ. ನಮ್ಮ ಭೂಮಿಯ ಹವೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅರ್ಧ ಉತ್ತರ ತಾನಾಗಿಯೇ ಸಿಗುತ್ತದೆ.

ಸಮಭಾಜಕದ ಹತ್ತಿರ ಬಿಸಿಲು ಜಾಸ್ತಿ. ಬಿಸಿಯಾದ, ತೇವ ತುಂಬಿದ ಗಾಳಿ ಮೇಲೇರಿ ತಂಪಾಗುತ್ತದೆ. ಅಲ್ಲೇ ಮಳೆ ಸುರಿಯುತ್ತದೆ. ದಟ್ಟ ಕಾಡುಗಳು ಅಲ್ಲಿ. ಮಳೆ ಸುರಿಸಿ ಒಣಗಿದ ಗಾಳಿ ಮೇಲಿನಿಂದಲೇ ಧ್ರುವದ ಕಡೆ ಸರಿದು, ಸುಮಾರು 30 ಡಿಗ್ರಿ ಅಕ್ಷಾಂಶದ ಹತ್ತಿರ ಕೆಳಗಿಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದು ಕಷ್ಟ. ಸಹಾರಾ, ಅರೇಬಿಯಾದ ಮರುಭೂಮಿ, ಕಲಹಾರಿ, ಆಸ್ಟ್ರೇಲಿಯಾದ ಒಳನಾಡು ಎಲ್ಲವೂ ಈ ಪಟ್ಟಿಯ ಆಸುಪಾಸಿನಲ್ಲೇ ಇವೆ. ಚೆಂಡಿನ ಮೇಲೆ 30 ಡಿಗ್ರಿಯ ಗೆರೆ ಮೊದಲೇ ಎಳೆದದ್ದು ಈಗ ಉಪಯೋಗಕ್ಕೆ ಬಂತು. ಹಳದಿ, ಕಂದು ಅಲ್ಲಿಂದ ಶುರು ಮಾಡಬಹುದು.

ಆಮೇಲೆ ಬೆಟ್ಟಗಳು. ಗಾಳಿ ಎದುರಾಗುವ ಕಡೆ ಮಳೆ, ಹಿಂದುಗಡೆ ಒಣನೆಲ. ದಕ್ಷಿಣ ಅಮೆರಿಕದ ತುದಿಯಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹಾಗಾಗಿ ಆಂಡೀಸ್ ಬೆಟ್ಟಗಳ ಪಶ್ಚಿಮಕ್ಕೆ ಚಿಲಿಯ ಹಸಿ ಕಾಡು, ಪೂರ್ವಕ್ಕೆ ಪೆಟಗೋನಿಯಾದ ಒಣ ಬಯಲು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದು ಗ್ರಹ ಯಾವ ಕಡೆ ತಿರುಗುತ್ತದೆ ಎಂಬುದರ ಮೇಲಿದೆ. ಭೂಮಿಯಲ್ಲಿ ಸಮಭಾಜಕದಿಂದ 30 ಡಿಗ್ರಿವರೆಗೆ ಮುಖ್ಯವಾಗಿ ಪೂರ್ವದಿಂದ, 30ರಿಂದ 60ರವರೆಗೆ ಪಶ್ಚಿಮದಿಂದ. ನಿಮ್ಮ ಲೋಕ ಉಲ್ಟಾ ತಿರುಗಿದರೆ ಇದೆಲ್ಲ ಅದಲುಬದಲು.

ಗ್ಲೋಬಿನ ಕಡ್ಡಿ ಓರೆಯಾಗಿರುವುದಕ್ಕೂ ಇಲ್ಲೇ ಅರ್ಥ ಇದೆ. ಭೂಮಿಯ ಓರೆ ಸುಮಾರು 23.4 ಡಿಗ್ರಿ. ಸೂರ್ಯ ನೆತ್ತಿಯ ಮೇಲೆ ಬರುವುದು ಅಷ್ಟೇ ಅಕ್ಷಾಂಶದವರೆಗೆ. ಧ್ರುವದ ಸುತ್ತ ಇಡೀ ದಿನ ಸೂರ್ಯ ಮುಳುಗದ ಕಾಲ ಬರುವ ಭಾಗವೂ ಧ್ರುವದಿಂದ ಅಷ್ಟೇ ಡಿಗ್ರಿ. ನಿಮ್ಮ ಲೋಕಕ್ಕೆ 40 ಡಿಗ್ರಿ ಓರೆ ಕೊಟ್ಟರೆ ಆ ಭಾಗ 50 ಡಿಗ್ರಿ ಅಕ್ಷಾಂಶದವರೆಗೂ ಬರುತ್ತದೆ. ಚಳಿಗಾಲ, ಬೇಸಿಗೆಗಳ ವ್ಯತ್ಯಾಸ ಜೋರಾಗುತ್ತದೆ. ಓರೆಯೇ ಇಲ್ಲದಿದ್ದರೆ ಋತುಗಳೇ ಹೆಚ್ಚುಕಡಿಮೆ ಇರುವುದಿಲ್ಲ. ಸ್ಟ್ಯಾಂಡ್ ಮಾಡುವಾಗ ಇದನ್ನು ನೆನಪಿಡಿ.

ನದಿಗಳ ಬಗ್ಗೆ ಒಂದೇ ಮಾತು. ಅವು ಎತ್ತರದಿಂದ ಹೊರಟು, ಒಂದಕ್ಕೊಂದು ಸೇರುತ್ತಾ ಹೋಗುತ್ತವೆ. ಕವಲೊಡೆಯುವುದು ಸಾಮಾನ್ಯವಾಗಿ ಸಮುದ್ರ ಸೇರುವ ಕಡೆ ಮಾತ್ರ.

ಮಾಟ ಮಂತ್ರದ ಲೋಕಕ್ಕೆ ಈ ನಿಯಮಗಳೆಲ್ಲ ಯಾಕೆ ಎಂದು ಕೇಳಬಹುದು. ಸುತ್ತಲೂ ಎಲ್ಲವೂ ಸರಿಯಾಗಿದ್ದಾಗಲೇ ಸಮಭಾಜಕದ ಮೇಲೆ ಒಂಟಿಯಾಗಿ ಹೆಪ್ಪುಗಟ್ಟಿದ ಬಯಲು ಕಣ್ಣಿಗೆ ಹೊಡೆಯುತ್ತದೆ. ಅಲ್ಲೇನೋ ನಡೆದಿದೆ ಎಂದು ನೋಡಿದವರಿಗೆ ಅನ್ನಿಸುವುದು ಆಗಲೇ.

## ಸಮುದ್ರ ಮೊದಲು

ಅಕ್ರಿಲಿಕ್ ಬಣ್ಣ ಈ ಕೆಲಸಕ್ಕೆ ಒಳ್ಳೆಯದು. ನೀರಿನಲ್ಲಿ ಕಲಸಬಹುದು, ಬೇಗ ಒಣಗುತ್ತದೆ, ಒಣಗಿದ ಮೇಲೆ ನೀರಿಗೆ ಏಳುವುದಿಲ್ಲ. ಆದರೆ ಹಸಿಯಾಗಿದ್ದಾಗ ಕಂಡದ್ದಕ್ಕಿಂತ ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ. ಬೇಕಾದ ನೀಲಿಯನ್ನು ಮೊದಲು ಒಂದು ಚೂರು ಕಾಗದಕ್ಕೆ ಹಚ್ಚಿ, ಒಣಗಿಸಿ ನೋಡಿ.

ಬಣ್ಣವನ್ನು ಒಂದೇ ಸಲ ಧಾರಾಳವಾಗಿ ಕಲಸಿಕೊಳ್ಳಬೇಕು. 30 ಸೆಂ.ಮೀ. ಚೆಂಡಿನ ಮೈ ಸುಮಾರು ನಾಲ್ಕೂವರೆ ಎ4 ಹಾಳೆಗಳಷ್ಟಿದೆ. ನಡುವೆ ಮುಗಿದುಹೋದರೆ ಅದೇ ನೀಲಿ ಮತ್ತೆ ಬರುವುದು ಕಷ್ಟ. ಕಲಸಿದ್ದನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಡಿ.

ದೊಡ್ಡ ಜಾಗಕ್ಕೆ ಬ್ರಷ್‌ಗಿಂತ ಸ್ಪಂಜು ವಾಸಿ. ಬ್ರಷ್‌ನಲ್ಲಿ ಎಳೆದರೆ, ಒಣಗಿದ ಅಂಚಿನ ಮೇಲೆ ಹಸಿ ಬಣ್ಣ ಬಿದ್ದು ಪಟ್ಟೆ ಏಳುತ್ತದೆ. ಸ್ಪಂಜನ್ನು ಅದ್ದಿ, ಹಿಂಡಿ, ತಟ್ಟುತ್ತಾ ಹೋದರೆ ಅಂಚು ಕಾಣುವುದಿಲ್ಲ. ಮೊದಲು ಗಾಢ ನೀಲಿ, ದಡದ ಹತ್ತಿರ ಬಂದಂತೆ ತಿಳಿ. ಖಂಡಗಳ ಸುತ್ತ ನಿಜವಾಗಿಯೂ ಆಳ ಕಡಿಮೆ ಇರುವ ಅಂಚು ಇರುತ್ತದೆ. ಅದು ದಾಟಿದ ಮೇಲೆ ಸಮುದ್ರ ತಟ್ಟನೆ ಆಳವಾಗುತ್ತದೆ. ಆ ಅಂಚು ಎಲ್ಲ ಕಡೆ ಒಂದೇ ಅಗಲ ಇರದಂತೆ ನೋಡಿಕೊಳ್ಳಿ. ಬಯಲು ಸೀಮೆಯ ಮುಂದೆ ಅಗಲವಾಗಿ, ಕಡಲಿಗೇ ಇಳಿಯುವ ಬೆಟ್ಟಗಳ ಮುಂದೆ ತೀರ ಕಿರಿದಾಗಿ.

ಚೆಂಡನ್ನು ಹಿಡಿಯುವುದೆಲ್ಲಿ? ಬಟ್ಟೆ ಹಾಸಿದ ಬಟ್ಟಲಿನ ಮೇಲೆ ಕೂರಿಸಿ, ಮೇಲಿನ ಅರ್ಧ ಮುಗಿಸಿ, ಒಣಗಿದ ಮೇಲೆ ಮಗುಚಿ. ಕಡ್ಡಿ ತೂರಿಸಿದ ಚೆಂಡಾದರೆ ಕಡ್ಡಿಯ ಎರಡೂ ತುದಿ ಆನಿಸಲು ಜಾಗ ಮಾಡಿಕೊಂಡರೆ ಇನ್ನೂ ಒಳ್ಳೆಯದು.

## ಕರಾವಳಿ, ಬೆಟ್ಟ

ಸಮುದ್ರವನ್ನು ಪೆನ್ಸಿಲ್ ಗೆರೆಯಿಂದ ಸ್ವಲ್ಪ ಒಳಕ್ಕೇ ಹಚ್ಚಿರಬೇಕು. ಆಮೇಲೆ ನೆಲದ ಬಣ್ಣದಿಂದ ಅದರ ಮೇಲೆ ಕರಾವಳಿ ಕೊರೆಯುತ್ತಾ ಬರಬೇಕು. ತುದಿ ಚೂಪಾದ ಸಣ್ಣ ಬ್ರಷ್, ಹಾಲಿನಷ್ಟು ತೆಳುವಾದ ಬಣ್ಣ. ಕಿರುಬೆರಳನ್ನು ಚೆಂಡಿಗೆ ಆನಿಸಿ, ಬ್ರಷ್ ಹಿಡಿದ ಕೈ ಕದಲಿಸದೆ ಚೆಂಡನ್ನೇ ಇನ್ನೊಂದು ಕೈಯಲ್ಲಿ ನಿಧಾನ ತಿರುಗಿಸಿ. ಬ್ರಷ್ ಇದ್ದಲ್ಲೇ ಸ್ವಲ್ಪ ಅಲುಗಿದರೆ ಕೊಲ್ಲಿಗಳು, ಭೂಶಿರಗಳು ತಾವಾಗಿಯೇ ಮೂಡುತ್ತವೆ. ಪೆನ್ಸಿಲ್ ಗೆರೆಯನ್ನು ಅಕ್ಷರಶಃ ಹಿಂಬಾಲಿಸಿದರೆ ಕರಾವಳಿ ಗಡುಸಾಗಿ ಕಾಣುತ್ತದೆ.

ನೆಲದ ಬಣ್ಣದಲ್ಲಿ ಒಂದು ತೀರ್ಮಾನ ಮೊದಲೇ ಆಗಬೇಕು. ಶಾಲೆಯ ಭೂಪಟಗಳಲ್ಲಿ ಹಸಿರು ಎಂದರೆ ತಗ್ಗು ನೆಲ, ಕಂದು ಎಂದರೆ ಎತ್ತರ. ಅಲ್ಲಿ ತಗ್ಗಿನ ಮರುಭೂಮಿಯೂ ಹಸಿರಾಗಿಯೇ ಇರುತ್ತದೆ. ಇನ್ನೊಂದು ಬಗೆಯಲ್ಲಿ ಹಸಿರು ಎಂದರೆ ಗಿಡಮರ. ಎರಡನ್ನೂ ಬೆರೆಸಿದರೆ ನೋಡುವವರಿಗೆ ಗಲಿಬಿಲಿ. ಕಥೆಯ ಲೋಕಕ್ಕೆ ಎರಡನೆಯದೇ ಚೆಂದ.

ಬೆಟ್ಟಗಳಿಗೆ ನೆರಳು ಕೊಡಬೇಕು. ಬೆಳಕು ಮೇಲಿನ ಎಡಗಡೆಯಿಂದ ಬೀಳುತ್ತದೆ ಎಂದುಕೊಂಡು ಬಲಗಡೆ ಕೆಳಗೆ ನೆರಳು ಹಾಕುವುದು ಭೂಪಟ ಬರೆಯುವವರ ರೂಢಿ. ಉಲ್ಟಾ ಹಾಕಿದರೆ ಬೆಟ್ಟ ಕಣಿವೆಯಂತೆ ಕಾಣುತ್ತದೆ. ಕೈಗೆ ಅನುಕೂಲ ಅಂತ ಚೆಂಡನ್ನು ಹೇಗೆಹೇಗೋ ತಿರುಗಿಸಿಕೊಂಡು ಬರೆಯುವಾಗ ಈ ದಿಕ್ಕು ತಪ್ಪಿಹೋಗುವುದು ಬಹಳ ಸಲೀಸು. ನೆರಳು ಹಾಕುವಷ್ಟು ಹೊತ್ತು ಉತ್ತರ ಧ್ರುವ ಮೇಲೇ ಇರಲಿ.

## ಹೆಸರು, ಕೊನೆಯ ಪದರ

ಅಕ್ಷರಗಳು ಅಕ್ಷಾಂಶದ ಗೆರೆಯ ಜೊತೆಗೇ ಬಾಗಬೇಕು. ಇಲ್ಲದಿದ್ದರೆ ಸಾಲು ಜಾರಿದಂತೆ ಕಾಣುತ್ತದೆ. ಸಮುದ್ರದ ಹೆಸರುಗಳನ್ನು ಬಿಡಿಬಿಡಿಯಾಗಿ ಹರಡಿ, ಊರಿನ ಹೆಸರುಗಳನ್ನು ಒತ್ತಾಗಿ ಬರೆಯಿರಿ. ಬರೆಯುವ ಮೊದಲು ಇಡೀ ಚೆಂಡಿಗೆ ಒಂದು ತೆಳು ವಾರ್ನಿಷ್ ಕೊಟ್ಟರೆ, ಅಕ್ಷರ ಕೆಟ್ಟಾಗ ಕೆಳಗಿನ ಬಣ್ಣಕ್ಕೆ ಪೆಟ್ಟಾಗದೆ ಒರೆಸಬಹುದು. ಪೆನ್ನಿನ ಇಂಕು ವಾರ್ನಿಷ್ ತಾಗಿದರೆ ಕದಡುತ್ತದೆಯೇ ಎಂದು ಬೇರೆ ಕಾಗದದ ಮೇಲೆ ಪರೀಕ್ಷಿಸಿ.

ಖಾಲಿ ಸಮುದ್ರದಲ್ಲಿ ರಾಕ್ಷಸ ಮೀನು ಬರೆಯಬಹುದಾ? ಬರೆಯಿರಿ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ 1510ರ ಸುಮಾರಿನ ತಾಮ್ರದ ಪುಟ್ಟ ಗ್ಲೋಬ್ ಇದೆ. ಹಂಟ್ ಲೆನಾಕ್ಸ್ ಗ್ಲೋಬ್ ಎಂದು ಅದರ ಹೆಸರು. ಏಷ್ಯಾದ ಪೂರ್ವ ಕರಾವಳಿಯ ಬಳಿ ‘ಇಲ್ಲಿ ಡ್ರ್ಯಾಗನ್‌ಗಳಿವೆ’ ಎಂದು ಲ್ಯಾಟಿನ್‌ನಲ್ಲಿ ಕೊರೆದಿದೆ.

ಕೊನೆಗೆ ಅಕ್ರಿಲಿಕ್ ವಾರ್ನಿಷ್, ತೆಳುವಾಗಿ ಎರಡು ಮೂರು ಪದರ. ಹೊಳಪಿನದು ಬಣ್ಣವನ್ನು ಗಾಢ ಮಾಡುತ್ತದೆ, ಆದರೆ ದೀಪದ ಪ್ರತಿಬಿಂಬ ಬಿದ್ದು ಹೆಸರು ಓದಲಾಗುವುದಿಲ್ಲ. ಹೊಳಪಿಲ್ಲದ್ದೇ ಗ್ಲೋಬಿಗೆ ಹೊಂದುತ್ತದೆ. ಹಳೆಯ ಗ್ಲೋಬ್‌ಗಳ ಹೊಂಬಣ್ಣದ ಛಾಯೆ ಬಹುಪಾಲು ಹಳದಿಗೆ ತಿರುಗಿದ ವಾರ್ನಿಷ್‌ನದು. ಆ ನೋಟ ಬೇಕೆಂದರೆ ವಾರ್ನಿಷ್‌ಗೂ ಮುಂಚೆ ತಿಳಿ ಕಂದು ಬಣ್ಣವನ್ನು ನೀರು ನೀರಾಗಿ ಬಳಿದು ಬಟ್ಟೆಯಲ್ಲಿ ಒರೆಸಿ.

ಸ್ಟ್ಯಾಂಡಿಗೆ ಏರಿಸಿದ ಮೇಲೆ ಒಮ್ಮೆ ತಿರುಗಿಸಿ ಬಿಡಿ. ಪ್ರತಿ ಸಲವೂ ಒಂದೇ ಖಂಡ ಕೆಳಗೆ ಬಂದು ನಿಂತರೆ ಆ ಕಡೆ ಭಾರ ಜಾಸ್ತಿ ಎಂದರ್ಥ. ಹಿಂದಿನ ಕಾಲದ ಕುಶಲಕರ್ಮಿಗಳು ಚೆಂಡಿನೊಳಗೆ ಸೀಸದ ಗುಂಡುಗಳ ಸಣ್ಣ ಚೀಲ ಕಟ್ಟಿ ತೂಕ ಸರಿದೂಗಿಸುತ್ತಿದ್ದರು. ಟೊಳ್ಳು ಚೆಂಡಾದರೆ ಮುಚ್ಚುವ ಮೊದಲೇ ಎದುರು ಬದಿಗೆ ಒಂದಿಷ್ಟು ಭಾರ ಅಂಟಿಸಬಹುದು. ನೇರ ಬಿಸಿಲಿಗೆ ಇಡಬೇಡಿ, ಬಣ್ಣ ಮಂಕಾಗುತ್ತದೆ. ಗ್ಲೋಬ್ ಇದ್ದ ಮೇಲೆ ಬಂದವರೆಲ್ಲ ತಿರುಗಿಸಿಯೇ ತಿರುಗಿಸುತ್ತಾರೆ. ಬೆರಳು ಹೆಚ್ಚು ತಾಗುವುದು ಸಮಭಾಜಕದ ಹತ್ತಿರ, ಮೊದಲು ಸವೆಯುವುದೂ ಅಲ್ಲೇ. ಆ ಡಬ್ಬಿಯಲ್ಲಿ ಉಳಿದ ನೀಲಿಯನ್ನು ಎಸೆಯದೆ ಇಟ್ಟುಕೊಳ್ಳಿ.